ಅವು ಕಚ್ಚಿದರೆ ಕಟ್ಟಬೇಡಿ

ಹೊನ್ನೂರಿನ ಬಸ್ ಸ್ಟಾಪಿನ ಎದುರಿಗೆ ನನ್ನದೊಂದು ಟೀ ಹೋಟೆಲಿದೆ. ಗೋಡೆಗೊಂದು ಟಿವಿ ತಗುಲಿಹಾಕಿದ್ದೇನೆ. ಸಂಜೆ ಏಳಕ್ಕೆ ‘ಮೂರನೇ ಮಹಡಿ’ ಎನ್ನುವ ಆಸ್ಪತ್ರೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಬೆಂಚುಗಳೆಲ್ಲ ಭರ್ತಿ. ಧಾರಾವಾಹಿ ನೋಡಲು ಬಂದೆವೆಂದು ಒಬ್ಬ ಗಂಡಸೂ ಒಪ್ಪುವುದಿಲ್ಲ. ಯಳಂದೂರು ಬಸ್ಸಿಗೆ ಕಾಯುತ್ತಿದ್ದಾರಂತೆ! ಬಸ್ಸು ಬಂದು, ನಿಂತು, ಹಾರನ್ ಹೊಡೆದು ಹೋದರೂ ಒಬ್ಬನೂ ಜಾಗ ಬಿಟ್ಟು ಏಳುವುದಿಲ್ಲ. ಅರ್ಧ ಟೀ ಕುಡಿದು ಅರ್ಧ ಗಂಟೆ ಕೂರುವ ಈ ಜನರ ಮೇಲೆ ನನಗೆ ಸಿಟ್ಟಿದೆ. ಆದರೆ ಆ ಹೊತ್ತಿಗೆ ನಾನೂ ಒಲೆ ಸಣ್ಣಗೆ ಮಾಡಿ ಟಿವಿಯ ಕಡೆಗೇ ತಿರುಗಿರುತ್ತೇನೆ, ಸುಳ್ಳೇಕೆ ಹೇಳಲಿ.

ಬೆಂಚಿನ ತುದಿಯಲ್ಲಿ ದಿನವೂ ಕೂರುವವನು ಪುಟ್ಟಮಾದಯ್ಯ. ವಯಸ್ಸು ಅರವತ್ನಾಲ್ಕು. ಕೊಳ್ಳೇಗಾಲದಲ್ಲಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದ. ಟ್ರಾಲಿ ತಳ್ಳಿದ್ದಾನೆ, ರೋಗಿಗಳನ್ನು ಎತ್ತಿ ಮಲಗಿಸಿದ್ದಾನೆ, ಕೇಸ್ ಶೀಟು ಹಿಡಿದು ಡಾಕ್ಟರ ಹಿಂದೆ ಓಡಾಡಿದ್ದಾನೆ. ರಿಟೈರ್ ಆಗಿ ಊರಿಗೆ ಬಂದರೂ ಮಾತಿಗೆ ಮುಂಚೆ ಗಡಿಯಾರ ನೋಡುವ ಚಾಳಿ ಹಾಗೇ ಉಳಿದಿದೆ. ಅವನ ತೊಂದರೆ ಒಂದೇ. ಧಾರಾವಾಹಿಯಲ್ಲಿ ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡಿರಲಾರ.

ತಪ್ಪಿಗೇನು ಬರ? ನಾಯಕ ಡಾಕ್ಟರ್ ವಿಹಾನ್ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಳ್ಳದೆ ಕೊರಳಲ್ಲೇ ಬಿಟ್ಟುಕೊಂಡು ಎದೆ ಬಡಿತ ಕೇಳುತ್ತಾನೆ. ಆಪರೇಷನ್ ಕೋಣೆಗೆ ನಾಯಕಿ ಬಳೆ ತೊಟ್ಟು ಬರುತ್ತಾಳೆ. ಕಣ್ಣೀರು ಸುರಿಸುವ ಘಳಿಗೆಯಲ್ಲಿ ಪುಟ್ಟಮಾದಯ್ಯ ಡ್ರಿಪ್ ಬಾಟಲಿಯ ಕಡೆ ಬೆರಳು ಮಾಡಿ, ಅದನ್ನು ಕೈಗಿಂತ ಕೆಳಗೆ ನೇತುಹಾಕಿದ್ದಾರೆ, ರಕ್ತ ವಾಪಸ್ ಬಾಟಲಿಗೇ ಇಳಿಯುತ್ತದೆ ಎಂದು ಕೂಗಿಕೊಳ್ಳುತ್ತಿದ್ದ. ಅಳುತ್ತಿದ್ದವರಿಗೆ ಅಳು ನಿಂತುಹೋಗುತ್ತಿತ್ತು. ಒಳಗೆ ವಡೆ ಕರಿಯುತ್ತಾ ಕಿಟಕಿಯಿಂದ ನೋಡುತ್ತಿದ್ದ ನನ್ನ ಹೆಂಡತಿ ಕುಸುಮ ಸೌಟು ಕುಟ್ಟಿ ಬೈಯುತ್ತಿದ್ದಳು. ತೆಂಗಿನತೋಟದ ಸದಾಶಿವಪ್ಪನವರು, ಊರಿನ ದೊಡ್ಡ ಕುಳ, ದಿನಕ್ಕೊಮ್ಮೆಯಾದರೂ ಅದೇ ಮಾತು ಹೇಳುತ್ತಿದ್ದರು.

“ಸುಮ್ಕೆ ನೋಡಯ್ಯ ಮಾದಯ್ಯ. ನೀನು ಟ್ರಾಲಿ ತಳ್ದೋನು, ಡಾಕ್ಟ್ರಲ್ಲ.”

ಬೆಂಚು ಬೆಂಚೇ ನಗುತ್ತಿತ್ತು. ನಾನೂ ನಗುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಹುಟ್ಟಿದ್ದು ನಮ್ಮೂರಿನಲ್ಲೇ ಇರಬೇಕು. ಬಿಳಿ ಕೋಟು ಹಾಕಿದ ನಟ ಹೇಳಿದ್ದು ನಮಗೆ ವೇದವಾಕ್ಯ, ಮೂವತ್ತೊಂದು ವರ್ಷ ನಿಜವಾದ ವಾರ್ಡಿನಲ್ಲಿ ಬೆವರು ಹರಿಸಿದವನ ಮಾತು ತಮಾಷೆ.

ಒಂದು ಗುರುವಾರದ ಕಂತಿನಲ್ಲಿ ಎರಡು ಪ್ರಸಂಗ ಬಂದವು. ನಾಯಕಿಯ ಮನೆಯ ನಾಯಿ ವಾಚ್‌ಮನ್‌ಗೆ ಕಚ್ಚಿತು, ಅದನ್ನು ಸರಪಳಿಯಲ್ಲಿ ಕಟ್ಟಿಹಾಕಿದರು, ಅದು ಊಟ ಬಿಟ್ಟಿತು, ನಾಯಕಿ ಅತ್ತಳು. ಅದಾದ ಮೇಲೆ ಹಳ್ಳಿಯ ಹೆಂಗಸೊಬ್ಬಳಿಗೆ ಹಾವು ಕಚ್ಚಿತು. ವಿಹಾನ್ ತನ್ನ ಟೈ ಬಿಚ್ಚಿ ಅವಳ ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಗಾಯ ಕೊಯ್ದು, ಬಾಯಿಂದ ವಿಷ ಹೀರಿ ಉಗಿದ. ಹಿನ್ನೆಲೆಯಲ್ಲಿ ನಗಾರಿ ಬಾರಿಸಿದರು. ನನ್ನ ಹೋಟೆಲಿನಲ್ಲಿ ಚಪ್ಪಾಳೆಯೋ ಚಪ್ಪಾಳೆ!

ಪುಟ್ಟಮಾದಯ್ಯ ಎದ್ದು ನಿಂತ. ತಪ್ಪು, ತಪ್ಪು ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಕಟ್ಟಬಾರದು, ಕೊಯ್ಯಬಾರದು ಎಂದು ಬೆಂಚಿನಿಂದ ಬೆಂಚಿಗೆ ಹೋಗಿ ಹೇಳಿದ. ಸದಾಶಿವಪ್ಪನವರು, ಸಿನಿಮಾದಲ್ಲೂ ಹೀಗೇ ಮಾಡುತ್ತಾರೆ, ನಮ್ಮ ತಾತನ ಕಾಲದಲ್ಲೂ ಹೀಗೇ ಕಟ್ಟುತ್ತಿದ್ದರು, ಇಷ್ಟು ಜನ ದಡ್ಡರಾ ಎಂದರು. ಟೀ ಕುಡಿಯದೆ ಹೊರಗೆ ಹೋದ ಪುಟ್ಟಮಾದಯ್ಯ ಹತ್ತು ನಿಮಿಷಕ್ಕೆ ವಾಪಸ್ ಬಂದು ಸೀದಾ ಅಡುಗೆಮನೆಗೆ ನುಗ್ಗಿದ. ಧಾರಾವಾಹಿ ಮುಗಿದ ಮೇಲೆ ಪರದೆಯ ಕೆಳಗೆ ಒಂದು ವಾಟ್ಸ್ಆ್ಯಪ್ ನಂಬರು ಬರುತ್ತಿತ್ತು. ನೋಡುಗರು ತಮ್ಮ ಅಭಿಪ್ರಾಯ ಹೇಳಿ ಕಳಿಸಿದರೆ ಭಾನುವಾರದ ಕಾರ್ಯಕ್ರಮದಲ್ಲಿ ಹಾಕುತ್ತಾರಂತೆ. ಆ ನಂಬರಿಗೆ ತನ್ನ ಮಾತು ಕಳಿಸಿಕೊಡು ಎಂದು ಕುಸುಮಳನ್ನು ಬೇಡಿಕೊಂಡ.

ಅವನಿಗೆ ಅಷ್ಟು ಉರಿ ಏಕೆಂದು ಕುಸುಮ ಕೇಳಿದಳಂತೆ. ಆಗ ಅವನು, ಯಾರಿಗೂ ಹೇಳದಿದ್ದ ಒಂದು ಮಾತು ಹೇಳಿದ್ದಾನೆ. ಇಪ್ಪತ್ತೈದು ವರ್ಷದ ಹಿಂದೆ ಶಾಗ್ಯದ ಕಡೆಯಿಂದ ಹದಿನಾರರ ಹುಡುಗಿಯೊಬ್ಬಳನ್ನು ಹೊತ್ತು ತಂದಿದ್ದರು. ಹಾವು ಕಚ್ಚಿದ ಕಾಲಿಗೆ ಮನೆಯವರು ತೆಂಗಿನ ಹಗ್ಗ ಬಿಗಿದು ಆರು ಗಂಟೆಯಾಗಿತ್ತು. ಜೀವ ಉಳಿಯಿತು, ಕಾಲು ಕಪ್ಪಾಗಿತ್ತು. ಕತ್ತರಿಸಿದ ಆ ಕಾಲನ್ನು ಹೂಳಲು ಬಟ್ಟೆಯಲ್ಲಿ ಸುತ್ತಿ ಪುಟ್ಟಮಾದಯ್ಯನ ಕೈಗೇ ಕೊಟ್ಟಿದ್ದರು.

“ಒಬ್ರಾದ್ರೂ ಕೇಳುಸ್ಕಬೇಕು ಕಣವ್ವ. ಒಂದು ಕಾಲುಳುದ್ರೆ ಸಾಕು ನಂಗೆ” ಎಂದನಂತೆ.

ಕುಸುಮ ಫೋನು ಹಿಡಿದಳು. ಅವನು ಎರಡು ನಿಮಿಷ ಮಾತಾಡಿದ. ಶುಕ್ರವಾರ ಮಧ್ಯಾಹ್ನ ಚಾನೆಲ್ಲಿನಿಂದ ಉತ್ತರವೇ ಬಂದುಬಿಟ್ಟಿತು, ನಿಮ್ಮ ಅಭಿಪ್ರಾಯ ಆಯ್ಕೆಯಾಗಿದೆ ಎಂದು. ಅಬ್ಬಾ, ಆ ಎರಡು ದಿನ ನಮ್ಮೂರಿನ ಸಂಭ್ರಮ ನೋಡಬೇಕಿತ್ತು! ಹೊನ್ನೂರಿನ ಹೆಸರು ಟಿವಿಯಲ್ಲಿ! ಅದುವರೆಗೂ ನಕ್ಕವರೆಲ್ಲ ಅವನ ಹೆಗಲ ಮೇಲೆ ಕೈಹಾಕಿದರು. ಭಾನುವಾರ ನನ್ನ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಗಂಡಸರ ಹೋಟೆಲಿಗೆ ಎಂದೂ ಬಾರದ ಸದಾಶಿವಪ್ಪನವರ ಹೆಂಡತಿ ಶಿವರತ್ನಮ್ಮನೂ ಬಂದು ಕುಸುಮಳ ಪಕ್ಕದಲ್ಲಿ ನಿಂತರು. ಪುಟ್ಟಮಾದಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ.

ಕಾರ್ಯಕ್ರಮ ನಡೆಸುವ ಹುಡುಗಿ ನಗುತ್ತಾ ಬಂದಳು. ಅವನ ಎರಡು ನಿಮಿಷವನ್ನು ಕತ್ತರಿಸಿ ಐದು ಸೆಕೆಂಡು ಮಾಡಿದ್ದರು. “ಆವು ಕಚ್ಚುದ್ರೆ ಕಟ್ಬೇಡಿ” ಎನ್ನುವುದಷ್ಟೇ ಕೇಳಿಸಿತು. ನಮ್ಮ ಸೀಮೆಯ ನಾಲಿಗೆಗೂ ಹಕಾರಕ್ಕೂ ಆಗಿಬರುವುದಿಲ್ಲ. ಹಾವು ನಮಗೆ ಆವು. ಬೆಂಗಳೂರಿನ ಆ ಹುಡುಗಿಗೆ ಇದೆಲ್ಲಿ ಗೊತ್ತಾಗಬೇಕು? ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಅವು ಕಚ್ಚಿದರೆ ಕಟ್ಟಬೇಡಿ’ ಎಂದು ಬಂತು. “ನಾಯಿಗಳ ಮೇಲೆ ಎಂಥ ಪ್ರೀತಿ ನೋಡಿ! ಅವು ಕಚ್ಚಿದರೂ ಕಟ್ಟಿಹಾಕಬೇಡಿ ಅಂತಾರೆ ನಮ್ಮ ಪುಟ್ಟಮಾದಯ್ಯ ತಾತ” ಎಂದು ಅವಳು ಕೈಯಲ್ಲಿ ಹೃದಯದ ಗುರುತು ಮಾಡಿ ತೋರಿಸಿದಳು.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ನಕ್ಕೂ ನಕ್ಕೂ ಶಿವರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ಸದಾಶಿವಪ್ಪನವರಿಗೆ ಟೀ ನೆತ್ತಿಗೇರಿತು. ಪುಟ್ಟಮಾದಯ್ಯ ಅದು ನಾಯಲ್ಲ, ಆವು, ಆವು ಎಂದು ಕೂಗಿದಷ್ಟೂ ನಗು ಹೆಚ್ಚಿತು. ಕೊನೆಗೆ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮಾರನೆಯ ದಿನದಿಂದ ಅದು ಊರಿನ ಗಾದೆಯಾಯಿತು. ಆಟೋ ಪ್ರಭುಸ್ವಾಮಿ ಅದನ್ನು ಗಾಡಿಯ ಹಿಂದೆ ಬರೆಸಿಯೇಬಿಟ್ಟ. ಹಸು ಬಿಚ್ಚಿಕೊಂಡು ಓಡಿದರೂ ಅವು ಕಚ್ಚಿದರೆ ಕಟ್ಟಬೇಡಿ, ಸೊಳ್ಳೆ ಕಚ್ಚಿದರೂ ಅದೇ. ಮಕ್ಕಳು ಲಗೋರಿ ಆಡುವಾಗ ಅದನ್ನೇ ಹಾಡಿಕೊಂಡರು. ಪುಟ್ಟಮಾದಯ್ಯ ಹೋಟೆಲಿಗೆ ಬರುವುದನ್ನು ಬಿಟ್ಟ. ಅವನ ಜಾಗ ಖಾಲಿ ಇದ್ದದ್ದು ನೋಡಿ ನನಗೆ ಬೇಸರವಾಗುತ್ತಿತ್ತು. ಹೋಗಿ ಕರೆಯಲು ಮಾತ್ರ ನಾಚಿಕೆ, ಏಕೆಂದರೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವನೇ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಸದಾಶಿವಪ್ಪನವರ ಹಿತ್ತಲಿನಿಂದ ಕಿರುಚಾಟ ಕೇಳಿತು. ಓಡಿದೆವು. ಶಿವರತ್ನಮ್ಮ ಹುಲ್ಲಿನ ಮೆದೆಯಿಂದ ಹುಲ್ಲು ಹಿರಿಯುವಾಗ ಬಲಪಾದಕ್ಕೆ ಹಾವು ಕಚ್ಚಿತ್ತು. ಕೊಳಕುಮಂಡಲ ಬುಸುಗುಟ್ಟುತ್ತಾ ಬೇಲಿಗೆ ಹೋದದ್ದನ್ನು ಆಳು ನೋಡಿದ್ದ. ಸದಾಶಿವಪ್ಪನವರು ಆಗಲೇ ಹಗ್ಗ ತಂದು ಹೆಂಡತಿಯ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಆಗ ಶಿವರತ್ನಮ್ಮ ಕಾಲನ್ನು ಹಿಂದಕ್ಕೆಳೆದುಕೊಂಡರು.

“ಬ್ಯಾಡ, ಕಟ್ಬ್ಯಾಡಿ. ಆವು ಕಚ್ಚುದ್ರೆ ಕಟ್ಬೇಡಿ ಅಂತ ಮಾದಯ್ಯ ಯೋಳಿಲ್ವಾ?”

ಆ ಹೊತ್ತಿನಲ್ಲೂ ಒಬ್ಬನಿಗೆ ನಗು ಬಂತು, ಪಾಪಿ! ಬಂದ ನಗು ಗಂಟಲಲ್ಲೇ ನಿಂತಿತು. ಮೂರು ವಾರದಿಂದ ಹಾಡಿ ಆಡಿ ಬಾಯಿಪಾಠವಾಗಿದ್ದ ಮಾತಿನ ಅರ್ಥ ಎಲ್ಲರಿಗೂ ಒಟ್ಟಿಗೇ ಆಯಿತು. ಅವು ಅಲ್ಲ, ಆವು! ನಾನು ಪುಟ್ಟಮಾದಯ್ಯನ ಮನೆಗೆ ಓಡಿದೆ. ಆ ಓಟ ನಾನು ಸ್ಕೂಲಿನಲ್ಲೂ ಓಡಿರಲಿಲ್ಲ. ಬಾಗಿಲಲ್ಲಿ ನಿಂತು ಹಾವು ಎಂದೆನಷ್ಟೇ. ಅವನು ಗಡಿಯಾರ ನೋಡಿಕೊಂಡು, ಅಂಗಿ ಕೂಡ ಹಾಕಿಕೊಳ್ಳದೆ, ಬನಿಯನ್ನಿನಲ್ಲೇ ಹೊರಟ.

ಅವನು ಬಂದ ಮೇಲೆ ಗಲಾಟೆ ನಿಂತಿತು. ಶಿವರತ್ನಮ್ಮನನ್ನು ನಡೆಸಬೇಡಿ, ಮಲಗಿಸಿ, ನೀರು ಮುಟ್ಟಿಸಬೇಡಿ, ಏನೂ ಕುಡಿಸಬೇಡಿ ಎಂದ. ಕಚ್ಚಿದ ಹೊತ್ತು ಕೇಳಿ ತನ್ನ ಅಂಗೈ ಮೇಲೆ ಬರೆದುಕೊಂಡ. ನನ್ನ ಹೋಟೆಲಿನ ರೇಟು ಬರೆದ ಹಲಗೆಯನ್ನು ಕಿತ್ತು ತರಿಸಿ ಅವರ ಕಾಲಿಗೆ ಆಸರೆ ಇಟ್ಟು, ಹಳೇ ಸೀರೆಯಿಂದ ಸಡಿಲವಾಗಿ ಸುತ್ತಿಸಿದ, ಕಾಲು ಅಲ್ಲಾಡದಿದ್ದರೆ ಸಾಕು, ಬಿಗಿಯುವುದಕ್ಕಲ್ಲ ಎಂದು ಮೂರು ಸಲ ಹೇಳಿ. ಪಾದ ಆಗಲೇ ಊದುತ್ತಿತ್ತು. ಆಮೇಲೆ ಅವನು ಸದಾಶಿವಪ್ಪನವರ ಕಡೆ ತಿರುಗಿದ.

“ಕಾಲುಂಗ್ರ ತಗೀಬೇಕು ಸಾ. ಈಗ್ಲೇ.”

ಸದಾಶಿವಪ್ಪನವರ ಮುಖ ಕೆಂಪಗಾಯಿತು. ಗಂಡ ಎದುರಿಗೆ ಜೀವಂತ ನಿಂತಿರುವಾಗ ಹೆಂಡತಿಯ ಕಾಲುಂಗುರ ತೆಗೆಯುವುದೆಂದರೇನು? ಸುತ್ತ ನಿಂತ ಹೆಂಗಸರು ಶಿವ ಶಿವಾ ಎಂದರು. ನಾನಿನ್ನೂ ಸತ್ತಿಲ್ಲ ಕಣಯ್ಯ ಎಂದು ಅವರು ಗುಡುಗಿದರು. ಇಷ್ಟು ದಿನ ಯಾರು ಗದರಿದರೂ ತಲೆತಗ್ಗಿಸುತ್ತಿದ್ದ ಪುಟ್ಟಮಾದಯ್ಯ ಅಂದು ಅಲ್ಲಾಡಲಿಲ್ಲ.

“ಊತ ಜಾಸ್ತಿಯಾದ್ರೆ ಆ ಉಂಗ್ರವೇ ಬಿಗ್ದ ಅಗ್ಗ ಆಯ್ತದೆ ಸಾ. ಬೆರಳು ಓಯ್ತದೆ. ನಾನು ಮುಟ್ಟಲ್ಲ, ನೀವೇ ತಗೀರಿ. ನಿಮ್ಮ ಕೈಲೇ ಆಕಿದ್ದು, ನಿಮ್ಮ ಕೈಲೇ ತಗೀರಿ.”

ಸದಾಶಿವಪ್ಪನವರು ಹೆಂಡತಿಯ ಮುಖ ನೋಡಿದರು. ಆಕೆ ಕಣ್ಣಲ್ಲೇ ಹೂಂ ಎಂದರು. ಮಣ್ಣಿನಲ್ಲಿ ಕೂತು ಆ ದೊಡ್ಡ ಮನುಷ್ಯ ಒಂದೊಂದೇ ಕಾಲುಂಗುರ ಜಾರಿಸಿ ತೆಗೆದು ಜೇಬಿಗೆ ಹಾಕಿಕೊಂಡರು. ಕೊನೆಯದು ಎಣ್ಣೆ ಹಚ್ಚಿದ ಮೇಲೆ ಬಂತು. ಅಷ್ಟರಲ್ಲಿ ಪ್ರಭುಸ್ವಾಮಿಯ ಆಟೋ ಬಂದು ನಿಂತಿತ್ತು.

ಯಳಂದೂರಿನ ದಾರಿಯಲ್ಲಿ ಪ್ರಭುಸ್ವಾಮಿ ಆಟೋವನ್ನು ಹೇಗೆ ಹೊಡೆದ ಎಂದು ಅವನನ್ನೇ ಕೇಳಿ, ಇವತ್ತಿಗೂ ಹೇಳಿ ಹೇಳಿ ದಣಿಯುವುದಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳನ್ನು ಎಡಕ್ಕೆ ಹಾಕಿ ಬಲಕ್ಕೆ ಹಾಕಿ ನುಗ್ಗಿದ. ನಾನು ಬೈಕಿನಲ್ಲಿ ಹಿಂದೆ. ಆಟೋದ ಬೆನ್ನ ಮೇಲಿದ್ದ ಆ ಗಾದೆ ದಾರಿಯುದ್ದಕ್ಕೂ ನನ್ನ ಕಣ್ಣಿಗೇ ಕುಕ್ಕುತ್ತಿತ್ತು, ನಗು ಬರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಪುಟ್ಟಮಾದಯ್ಯನೇ ಟ್ರಾಲಿ ಎಳೆದು ತಂದ. ಯಾರೂ ಅವನಿಗೆ ಟ್ರಾಲಿ ಎಲ್ಲಿದೆ ಎಂದು ಹೇಳಬೇಕಾಗಲಿಲ್ಲ. ಅಂಗೈ ತೋರಿಸಿ ಡಾಕ್ಟರಿಗೆ ಹೊತ್ತು ಒಪ್ಪಿಸಿದ, ಕಚ್ಚಿದ್ದು ಕೊಳಕುಮಂಡಲ, ಕಟ್ಟಿಲ್ಲ, ಕೊಯ್ದಿಲ್ಲ, ಕುಡಿಸಿಲ್ಲ ಎಂದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಗಾಜಿನ ಕೊಳವೆಯಲ್ಲಿ ರಕ್ತ ತೆಗೆದಿಟ್ಟು ಇಪ್ಪತ್ತು ನಿಮಿಷ ಕಾದರು. ಹೆಪ್ಪುಗಟ್ಟಲಿಲ್ಲ. ವಿಷ ರಕ್ತಕ್ಕೆ ಇಳಿದಿದೆ ಎಂದು ಇಂಜೆಕ್ಷನ್ ಬಾಟಲಿ ಏರಿಸಿದರು. ಸದಾಶಿವಪ್ಪನವರು ಗೋಡೆಗೆ ಒರಗಿ ಕೂತುಬಿಟ್ಟರು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಆರು ಗಂಟೆ ಕಳೆದ ಮೇಲೆ ಮತ್ತೆ ರಕ್ತ ತೆಗೆದಿಟ್ಟರು. ಇಪ್ಪತ್ತು ನಿಮಿಷಕ್ಕೆ ಡಾಕ್ಟರಮ್ಮ ಕೊಳವೆಯನ್ನು ಬಾಗಿಸಿ ನೋಡಿ ನಕ್ಕರು. ಹೆಪ್ಪುಗಟ್ಟಿತ್ತು! ಕಟ್ಟಿದ್ದರೆ ಈ ಕಾಲನ್ನು ಉಳಿಸುವುದು ಕಷ್ಟವಿತ್ತು, ಯಾರು ನಿಮಗೆ ಹೇಳಿದ್ದು ಎಂದು ಕೇಳಿದರು. ನಾವೆಲ್ಲ ಒಟ್ಟಿಗೆ ತಿರುಗಿ ನೋಡಿದೆವು. ಬನಿಯನ್ನಿನ ಮೇಲೆ ಯಾರದ್ದೋ ಟವೆಲು ಹೊದ್ದು ನಿಂತಿದ್ದ ಪುಟ್ಟಮಾದಯ್ಯ ಆ ಕಡೆ ಮುಖ ಮಾಡಿ ಅಳುತ್ತಿದ್ದ.

ಐದನೆಯ ದಿನ ಶಿವರತ್ನಮ್ಮ ಮನೆಗೆ ಬಂದರು. ಮುಂದಿನ ವಾರ ನನ್ನ ಹೋಟೆಲು ಮತ್ತೆ ಭರ್ತಿ. ಹೋಗಿ ಕರೆತಂದವನು ನಾನೇ, ನಾಚಿಕೆಯನ್ನು ನುಂಗಿಕೊಂಡು. ಪುಟ್ಟಮಾದಯ್ಯ ತನ್ನ ತುದಿಯಲ್ಲಿ ಮುದುಡಿ ಕೂತ. ಬಾಯಿ ಬಿಡುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದನಂತೆ. ಪರದೆಯ ಮೇಲೆ ವಿಹಾನ್ ಎಚ್ಚರ ತಪ್ಪಿದ ಮುದುಕನೊಬ್ಬನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುತ್ತಿದ್ದ. ನಗಾರಿ ಬಾರಿಸತೊಡಗಿದರು.

ಸದಾಶಿವಪ್ಪನವರು ಎದ್ದು ಬಂದು ನನ್ನ ಕೈಯಿಂದ ರಿಮೋಟು ಕಿತ್ತುಕೊಂಡರು. ಟಿವಿಯ ದನಿ ಪೂರ್ತಿ ಅಡಗಿತು. ಅವರು ಬೆಂಚಿನ ತುದಿಗೆ ಹೋಗಿ ನಿಂತು ಕೇಳಿದರು.

“ಇದು ಸರಿಯಾ, ಮಾದಯ್ಯನವ್ರೇ?”

ಆ ‘ನವ್ರು’ ಎಲ್ಲರ ಕಿವಿಗೂ ಬಿತ್ತು. ಪುಟ್ಟಮಾದಯ್ಯನವರು ಗಡಿಯಾರ ನೋಡಿಕೊಂಡರು, ಪರದೆ ನೋಡಿದರು, ಗಂಟಲು ಸರಿಮಾಡಿಕೊಂಡರು. ಮೂವತ್ತು ಜನ ಅವರ ಬಾಯಿಯನ್ನೇ ನೋಡುತ್ತಿದ್ದೆವು.

“ಇವತ್ತು ಸರಿಯಾಗೇ ಮಾಡವ್ರೆ ಸಾ. ಸೌಂಡ್ ಕೊಡಿ, ನೋಡಣ” ಎಂದರು.