ಕಪ್ಪಾಗದೆ ಉಳಿದ ಪರದೆ

ಸಂಡೂರಿನ ಗಣಿ ಕಂಪನಿಯೊಂದರ ದವಾಖಾನೆಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಮೊದಲ ಕಂಪ್ಯೂಟರ್ ಬಂತು. ಔಷಧಿ ಕೊಡುವ ಕಿಟಕಿಯ ಪಕ್ಕದಲ್ಲೇ ಅದನ್ನಿಟ್ಟರು. ಸರದಿಯಲ್ಲಿ ನಿಂತವರು ಬಗ್ಗಿ ಬಗ್ಗಿ ಪರದೆ ನೋಡುತ್ತಿದ್ದರು. ನಮಗದು ಹೆಮ್ಮೆಯೇ ಆಗಿತ್ತು.

ಅಲ್ಲಿದ್ದ ನರ್ಸ್ ಒಬ್ಬರನ್ನು ನಾನು ಅಕ್ಕ ಎನ್ನುತ್ತಿದ್ದೆ. ಕಂಪ್ಲಿ ಹತ್ತಿರದ ಮೆಟ್ರಿ ಊರಿನವರು. ಅದಿರು ಲಾರಿ ಓಡಿಸುತ್ತಿದ್ದ ಅವರ ಗಂಡ ಜ್ವರದಲ್ಲಿ ಸೊರಗಿ ಸೊರಗಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅಕ್ಕನ ಕೈ ಹಗುರ. ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಗಣಿ ಕೂಲಿಯ ಹೆಂಗಸರು ಮಕ್ಕಳನ್ನೆತ್ತಿಕೊಂಡು ಅವರನ್ನೇ ಹುಡುಕಿ ಬರುತ್ತಿದ್ದರು. ಅಕ್ಕನಿಗೂ ಬಿಡದೆ ಜ್ವರ ಬರತೊಡಗಿದಾಗ ಡಾಕ್ಟರು ಅವರ ರಕ್ತವನ್ನು ಬಳ್ಳಾರಿಗೆ ಕಳಿಸಿದರು.

ವರದಿ ಬಂದ ಬೆಳಿಗ್ಗೆ ಡಾಕ್ಟರೇ ಕಂಪ್ಯೂಟರಿನ ಮುಂದೆ ಕೂತು ಅದನ್ನು ದಾಖಲಿಸುತ್ತಿದ್ದರು. ಅಷ್ಟರಲ್ಲಿ ಕಾಲು ಜಜ್ಜಿಹೋದ ಕೆಲಸಗಾರನೊಬ್ಬನನ್ನು ಜೀಪಿನಲ್ಲಿ ತಂದರು. ಡಾಕ್ಟರು ಎದ್ದು ಓಡಿದರು, ಅಕ್ಕನೂ ಓಡಿದರು. ನಾನು ಅವನ ಹೆಂಡತಿಯನ್ನು ಹಿಡಿದುಕೊಂಡು ಹೊರಗೆ ಕೂತೆ. ಪರದೆಯ ಮೇಲೆ ಅಕ್ಕನ ಹೆಸರು, ಅದರ ಕೆಳಗೆ ಎಚ್‌ಐವಿ ಎಂಬುದು ಹಾಗೇ ಉಳಿದವು. ಸರದಿಯಲ್ಲಿ ಯಾರೋ ಓದಿ ಪಕ್ಕದವರಿಗೆ ಹೇಳಿದರು.

ಗಾಯಕ್ಕೆ ಪಟ್ಟಿ ಕಟ್ಟಿ ಮುಗಿಸಿ, ಕೈ ತೊಳೆದು ಬಂದ ಅಕ್ಕ ಒಂದು ಮಗುವಿಗೆ ಇಂಜೆಕ್ಷನ್ ಕೊಡಲು ಹೋದರು. ತಾಯಿ ಮಗುವನ್ನು ಹಿಂದಕ್ಕೆಳೆದುಕೊಂಡಳು.

"ನೀವು ಮುಟ್ಟಬ್ಯಾಡ್ರಿ ಸಿಸ್ಟರ್."

"ಯಾಕವ್ವಾ?"

ಆಕೆ ಕಂಪ್ಯೂಟರಿನ ಕಡೆ ನೋಡಿದಳು. ಅಕ್ಕನೂ ನೋಡಿದರು. ನಿಂತಲ್ಲೇ ಓದಿಕೊಂಡರು. ಆಮೇಲೆ, ಅಷ್ಟರಲ್ಲಿ ಒಳಗೆ ಬಂದಿದ್ದ ನನ್ನ ಕಡೆ ತಿರುಗಿ, "ತಂಗಿ, ಇದನ್ನ ಹೆಂಗ ಬಂದ್ ಮಾಡ್ತಾರ?" ಎಂದರು. ನಾನು ಸ್ವಿಚ್ಚನ್ನೇ ಆರಿಸಿದೆ.

ವಾರ ಕಳೆಯುವುದರೊಳಗೆ ಮನೆಯ ಮಾಲೀಕ ಅಕ್ಕನಿಗೆ ರೂಮು ಖಾಲಿ ಮಾಡಲು ಹೇಳಿದ. ಡಾಕ್ಟರು ಅವರ ರೂಮಿನ ಬಾಗಿಲಿಗೆ ಹೋಗಿ, "ತಪ್ಪಾತಮ್ಮ" ಎಂದು ಕೈಮುಗಿದರು. ಅಕ್ಕ ಸೀರೆ ಮಡಚುತ್ತಲೇ ಹೇಳಿದರು: "ನೀವು ಕರೆದು ಹೇಳಿದ್ರ ಸಾಕಿತ್ರಿ ಸರ್. ಬಾಗ್ಲಾ ಹಾಕ್ಕೊಂಡು ಒಂದೀಟು ಅತ್ತು, ಆಮ್ಯಾಲೆ ಹೊರಗ ಬರ್ತಿದ್ದೆ."

ಅಕ್ಕ ಮೆಟ್ರಿಯ ತಮ್ಮ ಅಣ್ಣನ ಮನೆಗೆ ಹೋದ ಮೇಲೆ ಹೊಸಪೇಟೆಯಿಂದ ಮೆಕ್ಯಾನಿಕ್ ಒಬ್ಬ ಬಂದ. ಯಾರೂ ಮುಟ್ಟದೆ ಸ್ವಲ್ಪ ಹೊತ್ತಾದರೆ ಪರದೆ ತಾನೇ ಕಪ್ಪಾಗುವಂತೆ, ಗುಟ್ಟಿನ ಪದ ಒತ್ತಿದರೆ ಮಾತ್ರ ತೆರೆಯುವಂತೆ ಮಾಡಿದ. ಅರ್ಧ ತಾಸಿನ ಕೆಲಸವೂ ಆಗಿರಲಿಲ್ಲ ಅದು.

ಮೆಟ್ರಿಗೆ ಹೋದಾಗ ಅಕ್ಕನಿಗೆ ಹೇಳಿದೆ: "ಈಗ ಎದ್ದು ಹೋದ್ರ ಅದು ತಾನಾ ಮುಚ್ಕೊಂತತ್ರಿ ಅಕ್ಕಾ." ಅವರು ಅಣ್ಣನ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಎದುರಿನ ಗದ್ದೆಗಳಿಗೆ ಕಾಲುವೆ ನೀರು ಬಿಟ್ಟಿದ್ದರು.

"ಚಲೋ ಆತು ಬಿಡವಾ," ಎಂದಷ್ಟೇ ಹೇಳಿ ಗದ್ದೆಯ ಕಡೆ ತಿರುಗಿದರು.

ಆ ಭತ್ತ ಕೊಯ್ಲಿಗೆ ಬರುವ ಮೊದಲೇ ಅವರು ಹೋಗಿಬಿಟ್ಟರು. ನನಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ಕಂಪ್ಲಿ ಬಸ್ಸು ಹಿಡಿದು ಹೋದೆ. ಅಣ್ಣನ ಹೆಂಡತಿ ನನ್ನನ್ನು ತಬ್ಬಿಕೊಂಡು ಬಹಳ ಹೊತ್ತು ಅತ್ತಳು. ಕೊನೆಯ ತಿಂಗಳುಗಳಲ್ಲಿ ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದವಳು ಅವಳೇ.