ಅಜ್ಜಿ ಕಡಲೆ ಬಡಿದ ಸ್ನೂಕರ್ ಕೋಲು

ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟ ಕೂಡಲೇ ಸುಂಯ್ ಎಂದು ಆವಿ ಎದ್ದಿತು. ಬಿಸಿ ತಾಗಿದ ಹಸಿ ಕಟ್ಟಿಗೆಯ ಆ ವಾಸನೆ... ಕಳೆದ ಸೋಮವಾರ ನನ್ನ ಸ್ನೂಕರ್ ಕೋಲಿಗೆ ಬಿದ್ದ ಹೊಸ ತಗ್ಗನ್ನು ಸರಿಪಡಿಸುತ್ತಿದ್ದಾಗ, ಬಾಜು ಮನೆಯ ಬಡಿಗ ಕಾಕಾ ಎದುರಿಗೇ ಬಂದು ಕುಳಿತಂತಾಯಿತು.

ನಾಲ್ಕು ವರ್ಷದ ಹಿಂದಿನ ದಿನಚರಿ ತೆಗೆದು ನೋಡಿದೆ. 'ಗುರುವಾರ. ತಗ್ಗು ಏಳು. ಉಳಿದ ದಿನ ಮೂರು.' ಆ ಭಾನುವಾರ ಸಂಶಿಯ ಸ್ನೂಕರ್ ಪಾರ್ಲರಿನಲ್ಲಿ ಟ್ರ್ಯಾಕ್ಟರ್ ಡ್ರೈವರ್ ಒಬ್ಬನ ಎದುರು ನನ್ನ ಫೈನಲ್ ಇತ್ತು. ಗೆದ್ದವರಿಗೆ ಹುಬ್ಬಳ್ಳಿಯಲ್ಲಿ ಆಡುವ ಅವಕಾಶ. ಅವನೊಂದಿಗೆ ಅದುವರೆಗೆ ಒಂಬತ್ತು ಆಟ ಆಡಿ, ಒಂಬತ್ತೂ ಸೋತಿದ್ದೆ.

ತಗ್ಗು ಬಿದ್ದದ್ದು ಅಜ್ಜಿಯ ಕೈಯಿಂದ. ಮಾಳಿಗೆಯ ಮೇಲೆ ಒಣಗಿದ ಕಡಲೆ ಗಿಡ ಬಡಿಯಲು ಹೊರಟವಳಿಗೆ ಮೂಲೆಯಲ್ಲಿ ನಿಲ್ಲಿಸಿದ್ದ ನನ್ನ ಕೋಲು ಕಂಡಿತ್ತು. "ಇಷ್ಟ ನೆಟ್ಟನ ಬಡಿಗಿ ಮನ್ಯಾಗ ಇಟಗೊಂಡು ಹೇಳೇ ಇಲ್ಲಲ್ಲ ನೀ!" ಎಂದು ನನಗೇ ಬೈದಳು. ಬೆರಳ ಮೇಲೆ ಕೋಲು ಜಾರಿಸಿದರೆ ಒಂದೊಂದು ತಗ್ಗೂ ತಡೆಯುತ್ತಿತ್ತು, ಗುರಿ ತಪ್ಪುತ್ತಿತ್ತು.

ಕಟ್ಟೆಯ ಮೇಲೆ ಕುಳಿತು ಪಾಲಿಶ್ ಪೇಪರ್ ತಿಕ್ಕತೊಡಗಿದೆ. ಬಾಜು ಅಂಗಳದಲ್ಲಿ ಬಿತ್ತುವ ಕೂರಿಗೆ ಕೆತ್ತುತ್ತಿದ್ದ ಕಾಕಾ ಅಲ್ಲಿಂದಲೇ ಕೂಗಿದರು.

"ಏ, ತಿಕ್ಕಬ್ಯಾಡಬೇ! ತಗ್ಗು ಹೋಗೂತನಾ ತಿಕ್ಕಿದ್ರ ಊದಿನಕಡ್ಡಿ ಆಕ್ಕೈತಿ."

"ಮತ್ತೇನ್ ಮಾಡ್ಲಿರಿ ಕಾಕಾ?"

"ಕಟಗಿ ಎಲ್ಲೂ ಹೋಗಿಲ್ಲ, ಒಳಗ ಕುಂತೈತಿ. ಎಬ್ಬಸೂಣು. ನಿಮ್ಮವ್ವನ ಇಸ್ತ್ರಿ ತಾ."

ಹಿಂಡಿದ ಬಟ್ಟೆಯ ಚೂರನ್ನು ತಗ್ಗಿನ ಮೇಲಷ್ಟೇ ಇಟ್ಟು, ಇಸ್ತ್ರಿಯ ಮೂತಿಯಿಂದ ಮುಟ್ಟಿ ಎತ್ತಿದರು. ಮುಟ್ಟುವುದು, ಎತ್ತುವುದು, ಉಗುರು ಎಳೆದು ನೋಡುವುದು... ಮೊದಲನೆಯದು ಐದು ಸಲಕ್ಕೆ ಎದ್ದಿತು, ಮೂರನೆಯದು ಹನ್ನೊಂದು ಸಲಕ್ಕೆ. ಆರು ಎದ್ದವು. ಹಿಡಿಯ ಹತ್ತಿರದ ಏಳನೆಯದರಲ್ಲಿ ಕಟ್ಟಿಗೆಯ ಎಳೆಯೇ ಹರಿದಿತ್ತು. "ಇದು ಏಳಂಗಿಲ್ಲ. ಅಜ್ಜೀ ಗುರ್ತು ಅಂತ ಇರಲಿ ಬಿಡು," ಎಂದರು. ಒಂದು ದಿನ ನೆರಳಲ್ಲಿ ಒಣಗಿಸಿ, ನಯಮಾಡಿ, ಅಗಸೆ ಎಣ್ಣೆ ಸವರಿ ಶನಿವಾರ ಕೊಟ್ಟರು.

ಕಡಲೆಯ ಸುದ್ದಿ ಅಷ್ಟರಲ್ಲಿ ಪಾರ್ಲರಿಗೂ ಮುಟ್ಟಿತ್ತು. ಭಾನುವಾರ ಡ್ರೈವರ್ ನಗುತ್ತಲೇ ಕೇಳಿದ. "ಏನ್ ತಂಗಿ, ಕಡ್ಲಿ ಬಡಿಯೋದೆಲ್ಲಾ ಮುಗೀತಾ?"

"ಇವತ್ತ ನಿಮ್ದೊಂದು ಬಾಕಿ ಐತ್ರಿ ಅಣ್ಣಾ."

ಕೋಲು ಬೆರಳ ಮೇಲೆ ನೀರಿನಂತೆ ಹರಿಯಿತು. ಕೊನೆಗೆ ಮೇಜಿನ ಮೇಲೆ ಕರಿ ಚೆಂಡೊಂದೇ ಉಳಿದಿತ್ತು. ಅದನ್ನು ಯಾರು ಹಾಕಿದರೆ ಅವರದೇ ಆಟ. ಆಟದ ಗಂಧವೂ ಇಲ್ಲದ ಕಾಕಾ ಬಾಗಿಲಲ್ಲಿ ನಿಂತಿದ್ದರು. ಉಸಿರು ಹಿಡಿದು ಹೊಡೆದೆ. ಕರಿ ಚೆಂಡು ಮೂಲೆಯ ಕಿಸೆಯೊಳಗೆ ದಡ್ ಎಂದು ಬಿದ್ದಿತು. ಇಡೀ ಪಾರ್ಲರ್ ಶಿಳ್ಳೆ ಹಾಕಿತು. ಡ್ರೈವರನೇ ಮೊದಲು ಬಂದು ಕೈ ಕೊಟ್ಟ. ಕಾಕಾ ಮಾತ್ರ ನನ್ನ ಕೈಯಿಂದ ಕೋಲು ಇಸಿದುಕೊಂಡು, ಉದ್ದಕ್ಕೂ ಉಗುರು ಎಳೆದು ನೋಡಿದರು.

"ಅಗದಿ ನೆಟ್ಟಗೈತಿ."

ಆ ದಿನದ ಪುಟದಲ್ಲಿ ಬರೆದಿದ್ದೇನೆ: 'ಆಟ ಹತ್ತು. ಸೋಲು ಒಂಬತ್ತು. ಗೆಲುವು ಒಂದು!' ಹುಬ್ಬಳ್ಳಿಗೂ ಹೋಗಿ ಎರಡು ಸುತ್ತು ಗೆದ್ದೆ.

ಕಳೆದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಅವರು ಕೆತ್ತುತ್ತಿದ್ದ ಜಾಗದಲ್ಲಿ ಈಗ ಗೊಬ್ಬರದ ಚೀಲಗಳಿವೆ...

ಸೋಮವಾರ ಹೊಸ ತಗ್ಗು ಎಂಟು ಸಲಕ್ಕೆ ಎದ್ದಿತು. ಉಗುರು ಎಳೆದೆ, ಎಲ್ಲೂ ತಡೆಯಲಿಲ್ಲ. ನಾನೊಬ್ಬಳೇ ಎಬ್ಬಿಸಿದ ಮೊದಲ ತಗ್ಗು ಅದು. ಖುಷಿಯಲ್ಲಿ ಕೋಲು ಹಿಡಿದು ಬಾಜು ಮನೆಯ ಬಾಗಿಲವರೆಗೂ ಓಡಿದ್ದೆ. ಬೀಗ ಕಂಡ ಮೇಲಷ್ಟೇ ನೆನಪಾಯಿತು.