ಅಪ್ಪ ಉಳಿಸಿದ ನಾಲ್ಕು ಫೋಟೋ

"ಫಿಲಂ ತೊಳೆದುಕೊಡ್ತೀರಾ?" ಅಂತ ಹೋದ ಶನಿವಾರ, ಮೊದಲು ಫೋಟೋ ಸ್ಟುಡಿಯೋ ಆಗಿದ್ದ ವಿಜಯನಗರದ ಮೊಬೈಲ್ ಅಂಗಡಿಯಲ್ಲಿ ಕೇಳಿದೆ. "ಯಾಕೆ ತೊಳೀಬೇಕು ಆಂಟಿ? ಹೊಸದೇ ಹಾಕ್ಕೊಡ್ತೀನಿ, ಯಾವ ಮಾಡೆಲ್?" ಅಂತ ಅಂಗಡಿಯ ಹುಡುಗ ಸ್ಕ್ರೀನ್ ಗಾರ್ಡ್ ತೆಗೆದ. (ಆಂಟಿ ಅಂದಿದ್ದನ್ನು ಕ್ಷಮಿಸಿದ್ದೇನೆ.) ಪಕ್ಕದ ಅಂಗಡಿಯವನು ಸನ್ ಫಿಲಂ ಇರಬೇಕೆಂದುಕೊಂಡು "ಕಾರ್ ಎಲ್ಲಿ ಮೇಡಂ?" ಅಂತ ಬೀದಿಗೇ ಇಳಿದ.

ಅವರನ್ನು ಅಂದು ಏನು ಬಂತು? ನಮ್ಮನೆಯಲ್ಲೂ ಫಿಲಂ ಅಂದರೆ ಒಂದೇ ಆಗಿರಲಿಲ್ಲ. ಭಾನುವಾರ ಎಲ್ಲರೂ ತಲೆ ಬಾಚಿಕೊಂಡು ಹೋಗುತ್ತಿದ್ದದ್ದು ಫಿಲಂಗೆ. ಅಜ್ಜಿಯ ಎದೆಯ ಎಕ್ಸ್‌ರೇ ಫಿಲಂ ಹಿಡಿದು ಇಡೀ ಬೀದಿ ಗ್ರಹಣ ನೋಡಿತ್ತು.

ಅಪ್ಪನಿಗೆ ಮಾತ್ರ ಫಿಲಂ ಅಂದರೆ ಕ್ಯಾಮೆರಾದೊಳಗಿನ ರೀಲು. ಮೂವತ್ತಾರು ಫೋಟೋ. ಮೂವತ್ತೆರಡು ಆಯಿತೋ, ಕ್ಯಾಮೆರಾ ಬೀರುವಿನೊಳಗೆ. "ನಾಲ್ಕು ಇರ್ಲಿ ಕಣಮ್ಮ, ಒಳ್ಳೇ ದಿನ ಬಂದಾಗ ಬೇಕಾಗುತ್ತೆ." ನಿಮ್ಮ ಮನೆಯಲ್ಲೂ ಹೀಗೇ ತಾನೇ?

ಅಪ್ಪ ಹೋಗಿ ಎರಡು ವರ್ಷವಾಯಿತು. ಮೊಬೈಲಿನಲ್ಲಿ ಅವರ ಫೋಟೋ ಬೇಕಾದಷ್ಟಿವೆ. ಎಲ್ಲದರಲ್ಲೂ ಕಾಯಿಲೆಯ ಅಪ್ಪ. ಅದಕ್ಕೂ ಹಿಂದಿನ ಅಪ್ಪ ಎಲ್ಲಿ? ಅವರು ಸದಾ ಕ್ಯಾಮೆರಾದ ಹಿಂದೆ!

ಒಂದೇ ಒಂದು ಸಲ ನಾನು ತೆಗೆದಿದ್ದೆ. ಆಗ ನನಗೆ ಹತ್ತು ವರ್ಷ. ತಾರಸಿಯ ಬಿಸಿಲಲ್ಲಿ ಅಪ್ಪ ಮುಖಕ್ಕೆಲ್ಲ ಶೇವಿಂಗ್ ಸೋಪು ಮೆತ್ತಿಕೊಂಡು, "ಬೇಡ ಕಣೇ, ಫಿಲಂ ದಂಡ" ಅಂತ ಬಾಯ್ತುಂಬ ನಗುತ್ತಿದ್ದರು. ಕ್ಲಿಕ್! ಅದೇ ಮೂವತ್ತೆರಡನೆಯದು. ಕ್ಯಾಮೆರಾ ಬೀರು ಸೇರಿತು. ಒಳ್ಳೇ ದಿನಕ್ಕೆ ಮೊದಲೇ ಡಿಜಿಟಲ್ ಕ್ಯಾಮೆರಾ ಬಂತು. ಆ ರೀಲು ಮುಗಿಯಲೂ ಇಲ್ಲ, ಅದನ್ನು ತೊಳೆಸಲೂ ಇಲ್ಲ.

ಈಚೆಗೆ ಬೀರು ಖಾಲಿ ಮಾಡುವಾಗ ಕ್ಯಾಮೆರಾ ಕೈಗೆ ಸಿಕ್ಕಿತು. ನನಗೆ ಆ ನಗುವ ಅಪ್ಪ ಬೇಕು. ಅದಕ್ಕೇ ಈ ಅಲೆದಾಟ.

ಕೊನೆಗೆ ಕಾಮಾಕ್ಷಿಪಾಳ್ಯದ ಹಳೇ ಸ್ಟುಡಿಯೋದವರು ಒಪ್ಪಿಕೊಂಡರು. "ಇಪ್ಪತ್ತೈದು ವರ್ಷದ ಫಿಲಂ ಮೇಡಂ. ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಇನ್ನೂ ನಾಲ್ಕಿದೆ, ಹೊಡೀತೀರಾ?" ನಾನು ಬೇಡವೆಂದೆ. ಅಪ್ಪ ಕೂಡಿಟ್ಟಿದ್ದನ್ನು ಯಾವ ಮುಖ ಇಟ್ಟುಕೊಂಡು ಖರ್ಚು ಮಾಡಲಿ?

ಸೋಮವಾರ ಅವರ ಫೋನ್ ಬಂತು. "ತೊಳೆದಾಯ್ತು, ಬನ್ನಿ ಮೇಡಂ." ಅಪ್ಪ ಬಂದಿದ್ದಾರಾ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಇವತ್ತು ಗುರುವಾರ. ಆರ್‌ಪಿಸಿ ಲೇಔಟ್‌ನ ನಮ್ಮನೆಯಿಂದ ಅಲ್ಲಿಗೆ ಆಟೋದಲ್ಲಿ ಎಷ್ಟು ಹೊತ್ತಿನ ದಾರಿ? ಆದರೂ ಹೋಗಿಲ್ಲ. ಹೋಗಿ ನೋಡುವವರೆಗಾದರೂ ಅಪ್ಪ ಅದರಲ್ಲಿ ಇರುತ್ತಾರಲ್ಲ!

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಸೀರೆ ಬದಲಿಸಿ, ಬ್ಯಾಗ್ ಹಿಡಿದು ಬಂದು ನಿಂತಿದ್ದಾರೆ.

"ಬರ್ದಿದ್ದು ಸಾಕು, ಏಳೇ. ಏನೂ ಬಂದಿಲ್ದಿದ್ರೂ ತಗೊಂಡ್ ಬರೋಣ. ಅವತ್ತು ಅವರ ಮುಖದ ಮೇಲೆ ಬಿದ್ದ ಬಿಸ್ಲು ಅದ್ರೊಳಗೆ ಹೋಗಿದೆ ತಾನೇ?"

ಏನೂ ಮೂಡದ ಫಿಲಂಗೂ ಫ್ರೇಮು ಹಾಕಿಕೊಡುವವರು ನಿಮ್ಮ ಕಡೆ ಯಾರಾದರೂ ಇದ್ದಾರಾ?